ರಜೆಗೆ ಹಳೇ ಮರ ನೋಡೋದಾ, ಸೈನ್ಸ್ ಫಿಕ್ಷನ್ ಸಿನಿಮಾಗೆ ಹೋಗೋದಾ?

ಒಂದೇ ದಿನ ರಜೆ ಅಂದ್ರೆ ನನ್ನ ವೋಟು ಮರಕ್ಕೇ. ಮಳೆ ಇದ್ರೆ, ಜೊತೇಲಿರೋರಿಗೆ ನಡೆಯೋಕೆ ಕಷ್ಟ ಆದ್ರೆ ಸಿನಿಮಾ ಆರಾಮು, ಆದ್ರೆ ದೊಡ್ಡ ಸ್ಕ್ರೀನಲ್ಲೇ ನೋಡಿ, ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಶಬ್ದ ಹರಡಲ್ಲ ಅಂತ ನಿರ್ದೇಶಕರು ಧೈರ್ಯ ಮಾಡಿ ಸೌಂಡ್ ಪೂರ್ತಿ ನಿಲ್ಲಿಸಿದಾಗ ಇಡೀ ಥಿಯೇಟರ್ ಉಸಿರು ಬಿಗಿಹಿಡಿಯುತ್ತಲ್ಲ, ಅದು ಫೋನಲ್ಲಿ ಸಿಗೋದೇ ಇಲ್ಲ.

ಮರದ ಕಥೆನೇ ಬೇರೆ. ಹಳೇ ಆಲದ ಮರ ಆದ್ರೆ ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ, ಬೇರು ಬಿಟ್ಟು, ದಪ್ಪ ಆಗ್ತಾ ಆಗ್ತಾ ಕಾಂಡಾನೇ ಆಗಿಬಿಡುತ್ತೆ, ಮೂಲ ಕಾಂಡ ಸತ್ತರೂ ಮರ ಬದುಕಿರುತ್ತೆ, ಯಾವುದು ಮೊದಲಿಂದು ಅಂತ ಹುಡುಕ್ತಾ ನನಗೆ ಒಂದು ಗಂಟೆ ಹೋಗಿದ್ದೇ ಗೊತ್ತಾಗಿರಲಿಲ್ಲ. ನೇತಾಡೋ ಎಳೇ ಬಿಳಲಿನ ತುದಿ ಹತ್ತಿರದಿಂದ ನೋಡಿ, ಎಷ್ಟು ಮೆತ್ತಗಿರುತ್ತೆ, ಪಕ್ಕದಲ್ಲೇ ಕಂಬದಂಥ ಅದರ ಅಣ್ಣ! ಕ್ಯಾಲಿಫೋರ್ನಿಯಾದಲ್ಲಿ 4,800 ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಅನ್ನೋ ಜಾತಿಯ ಮರ ಇದೆ, ಭವಿಷ್ಯ ತೋರಿಸೋ ಯಾವ ಸಿನಿಮಾಗಿಂತ ಅದು ನನ್ನನ್ನ ಜಾಸ್ತಿ ಬೆರಗಾಗಿಸುತ್ತೆ.

ಮರಕ್ಕೆ ಹೋದ್ರೆ ಬುಡದ ಹತ್ತಿರ ಗುಂಪಾಗಿ ತುಳಿಯಬೇಡಿ, ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಸಿಗಲ್ಲ. ಹೆಸರಂತೂ ಕೆತ್ತಲೇಬೇಡಿ ಪ್ಲೀಸ್, ತೊಗಟೆ ಕೆಳಗೇ ಜೀವ ಇರೋ ಪದರ ಇರೋದು. ಎರಡೂ ಬೇಕು ಅಂದ್ರೆ ಬೆಳಗ್ಗೆ ಬಿಸಿಲೇರೋ ಮುಂಚೆ ಮರ, ಸಂಜೆ ಸಿನಿಮಾ.