ಅತಿವೇಗದ ಇ-ಚಲನ್: ದಂಡ ಕಟ್ಟುವುದೇ, ಪ್ರಶ್ನಿಸುವುದೇ?

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿ ಮಂಜೇಶ್ವರ, ಕುಂಬಳೆಗಳ ಮೂಲಕ ಕಾಸರಗೋಡಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅತಿವೇಗಕ್ಕಾಗಿ ಇ-ಚಲನ್ (ದಂಡದ ಎಲೆಕ್ಟ್ರಾನಿಕ್ ನೋಟಿಸು) ಬಂದವರ ಮುಂದೆ ಎರಡು ದಾರಿಗಳಿವೆ.

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ದಂಡ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಮೋಟಾರು ವಾಹನ ಕಾಯ್ದೆಯ 183ನೆಯ ಕಲಮು ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ ದಂಡ ವಿಧಿಸುತ್ತದೆ. ವಕೀಲರ ಶುಲ್ಕವನ್ನೂ ಕೆಲಸ ಬಿಟ್ಟು ಓಡಾಡುವ ದಿನಗಳನ್ನೂ ಲೆಕ್ಕ ಹಾಕಿದರೆ, ನಿಜವಾಗಿಯೂ ವೇಗಮಿತಿ ಮೀರಿದವರಿಗೆ, ಅದರಲ್ಲೂ ಮಂಗಳೂರಿನ ಕಡೆಯಿಂದ ಬರುವವರಿಗೆ, ಇದೇ ಸೂಕ್ತ.

ಆದರೆ ತಪ್ಪು ಮಾಡದವರು ಖರ್ಚು ಕಡಿಮೆಯೆಂಬ ಒಂದೇ ಕಾರಣಕ್ಕೆ ದಂಡ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಲಾದ 167ಎ ನಿಯಮದ ಪ್ರಕಾರ ವೇಗ ಅಳೆಯುವ ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರವೂ, ಕ್ಯಾಮೆರಾ ನಿಗಾ ಇರುವುದನ್ನು ಸವಾರರಿಗೆ ತಿಳಿಸುವ ಫಲಕವೂ, ಚಲನಿನೊಂದಿಗೆ ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣುವ ಚಿತ್ರ, ಅಳೆದ ವೇಗ, ದಿನಾಂಕ, ಸಮಯ ಮತ್ತು ಸ್ಥಳದ ವಿವರಗಳೂ ಇರಬೇಕು. ಚಿತ್ರದಲ್ಲಿರುವುದು ಬೇರೆಯವರ ವಾಹನವಾಗಿದ್ದರೆ, ಅಥವಾ ಫಲಕವೇ ಇಲ್ಲದಿದ್ದರೆ, ಆ ಜಾಗದ ಫೋಟೊ ತೆಗೆದಿಟ್ಟುಕೊಂಡು ಪ್ರಶ್ನಿಸುವುದೇ ಸರಿ.

ಎರಡನ್ನೂ ಮಾಡದೆ ಸುಮ್ಮನಿದ್ದರೆ ವಾಹನದ ದಾಖಲೆಗಳ ಕೆಲಸಕ್ಕೆ ತಡೆ ಬೀಳಬಹುದು.