ಮಗಳ ಪಿಟೀಲು ಪಾಠ: ಗುಂಪು, ಆನ್‌ಲೈನ್, ಮೇಷ್ಟ್ರ ಮನೆ

ದಾವಣಗೆರೆಯಲ್ಲಿ ಕೀಬೋರ್ಡ್, ಗಿಟಾರ್, ಭರತನಾಟ್ಯದ ಕ್ಲಾಸು ಸಿಗೋದು ಕಷ್ಟವಲ್ಲ. ಪಿಟೀಲಿಗೆ ಮಾತ್ರ ಅವರಿವರನ್ನು ಕೇಳಿಕೊಂಡು ತಿರುಗಬೇಕು. ಎಂಟು ವರ್ಷದ ಮಗಳಿಗಾಗಿ ನಾವು ಮೂರು ದಾರಿ ನೋಡಿದೆವು. ಮೊದಲು ಸಂಗೀತ ಶಾಲೆಯ ಗುಂಪು ಪಾಠ, ಆಮೇಲೆ ಬೆಂಗಳೂರಿನ ಕಲಾವಿದೆಯೊಬ್ಬರ ಆನ್‌ಲೈನ್ ಪಾಠ, ಈಗ ಊರಲ್ಲೇ ಇರುವ ಮೇಷ್ಟ್ರ ಮನೆ ಪಾಠ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಮಗುವಿನ ಕೈ ಹಿಡಿದು ತಿದ್ದುವವರು ಬೇಕು. ಅವರು ಎಷ್ಟು ದೊಡ್ಡ ಕಲಾವಿದರು ಅನ್ನೋದು ಆಮೇಲಿನ ಮಾತು.

ಯಾಕೆ ಅಂದರೆ, ವೀಣೆಗೆ ಮೆಟ್ಟುಗಳಿವೆ (ಬೆರಳಿಡುವ ಜಾಗ ತೋರಿಸುವ ಅಡ್ಡಪಟ್ಟಿಗಳು), ಗಿಟಾರಿಗೂ ಇವೆ. ಪಿಟೀಲಿಗೆ ಇಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ತಪ್ಪುತ್ತದೆ. ಇದು ಎಡಗೈ ಕಥೆ. ಬಲಗೈದು ಇನ್ನೂ ಕಷ್ಟ. ಕಮಾನು, ಅಂದರೆ ತಂತಿ ಮೇಲೆ ಎಳೆಯುವ ಕೋಲು, ತಂತಿಗೆ ಅಡ್ಡವಾಗಿ, ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಸಮಾನಾಂತರವಾಗಿ ಓಡಬೇಕು. ಕುದುರೆಗೆ ತೀರಾ ಹತ್ತಿರ ಬಂದರೆ ಕೀರಲು ದನಿ, ದೂರ ಜಾರಿದರೆ ಸತ್ವ ಇಲ್ಲದ ದನಿ. ಮಕ್ಕಳು ಕಮಾನು ಎಳೆಯುತ್ತಾ ತುದಿಗೆ ಬಂದಾಗ ಮೊಣಕೈ ಹಿಂದಕ್ಕೆ ಹೋಗಿ ಕಮಾನು ಸೊಟ್ಟ ಆಗುತ್ತದೆ. ಈ ಅಭ್ಯಾಸ ಒಮ್ಮೆ ಕೂತರೆ ಬಿಡಿಸೋದು ಬಹಳ ಕಷ್ಟ.

ಗುಂಪು ಪಾಠದ ಫೀಸು ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ. ಮಕ್ಕಳೆಲ್ಲ ಸೇರಿ ತಾಳ ಹಾಕಿಕೊಂಡು ಸರಳೆ ವರಸೆ (ಸ್ವರಗಳ ಮೊದಲ ಪಾಠ) ಹಾಡುವಾಗ ನನ್ನ ಮಗಳಿಗೆ ಖುಷಿಯೋ ಖುಷಿ. ಲಯ ಅವಳಿಗೆ ಅಲ್ಲೇ ಕೂತಿತು. ಆದರೆ ಪಾಠದ ಅರ್ಧ ಹೊತ್ತು ಶ್ರುತಿ ಮಾಡೋದಕ್ಕೇ, ಅಂದರೆ ತಂತಿಗಳನ್ನು ಸ್ವರಕ್ಕೆ ಹೊಂದಿಸೋದಕ್ಕೇ, ಹೋಗುತ್ತಿತ್ತು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮರ ಒಣಗಿ ತಂತಿ ಬಿಗಿಯುವ ಬಿರಡೆ ಸಡಿಲ ಆಗುತ್ತದೆ, ತಂತಿ ಇಳಿಯುತ್ತದೆ. ಅಷ್ಟು ಮಕ್ಕಳ ಪಿಟೀಲನ್ನು ಒಬ್ಬರೇ ಟೀಚರ್ ಸರಿ ಮಾಡಬೇಕು, ಪಾಪ. ಒಬ್ಬೊಬ್ಬರ ಮಣಿಕಟ್ಟು ನೋಡೋಕೆ ಅವರಿಗೆ ಸಮಯ ಎಲ್ಲಿ? ಜೊತೆಗೆ ಅಲ್ಲಿದ್ದ ಪಿಟೀಲುಗಳೆಲ್ಲ ದೊಡ್ಡವರ ಅಳತೆಯವು. ಮಗುವಿಗೆ ಕಾಲು, ಅರ್ಧ, ಮುಕ್ಕಾಲು ಅಂತ ಬೇರೆ ಬೇರೆ ಅಳತೆ ಇವೆ. ಎಡಗೈ ಪೂರ್ತಿ ಚಾಚಿದಾಗ ಪಿಟೀಲಿನ ಸುರುಳಿ ತುದಿ ಅಂಗೈ ನಡುವಿಗೆ ಬಂದರೆ ಸರಿಯಾದ ಅಳತೆ. ದೊಡ್ಡದನ್ನು ಕೊಟ್ಟು 'ಬೆಳೆದಾಗ ಸರಿ ಹೋಗುತ್ತೆ' ಅನ್ನಬೇಡಿ. ಅದು ಚಪ್ಪಲಿ ಅಲ್ಲ. ಬೆರಳು ನಿಲ್ಲಬೇಕಾದ ಜಾಗವೇ ಬದಲಾಗುತ್ತದೆ.

ಆನ್‌ಲೈನ್ ಮೇಡಂ ಮೂವರಲ್ಲಿ ದೊಡ್ಡ ವಿದ್ವಾಂಸರು. ಅವರಿಂದ ಸಿಕ್ಕಿದ್ದು ಕಿವಿ. ಮೊದಲು ಹಾಡು, ಆಮೇಲೆ ನುಡಿಸು ಅನ್ನೋದು ಅವರ ಪದ್ಧತಿ. ಹೆಸರಾಂತ ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯ, ಲಾಲ್ಗುಡಿ ಜಯರಾಮನ್ ಅವರ ರೆಕಾರ್ಡಿಂಗ್ ಕೇಳಿಸಿ, 'ಇಲ್ಲಿ ಯಾವ ಸ್ವರ ಹೇಳು ಕಂದಾ' ಅಂತಿದ್ದರು. ಚೌಡಯ್ಯನವರು ತಿರುಮಕೂಡಲು ನರಸೀಪುರದವರು, ದನಿ ದೂರಕ್ಕೆ ಕೇಳಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದರು ಅಂತ ಮಗಳು ಈಗ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮಾಯಾಮಾಳವಗೌಳ ರಾಗದಲ್ಲಿ ಒಂದು ತಂತಿಯ ಮೇಲೆ ಸ ರಿ ಗ ಮ, ಪಕ್ಕದ ತಂತಿಯ ಮೇಲೆ ಪ ದ ನಿ ಸ, ಎರಡರಲ್ಲೂ ಬೆರಳಿನ ಜಾಗ ಒಂದೇ ಅನ್ನೋದನ್ನು ಅವರು ತೋರಿಸಿದ ರೀತಿ ನನಗೂ ಹೊಸದು. ಪುರಂದರದಾಸರು ಆರಂಭದ ಪಾಠಕ್ಕೆ ಆ ರಾಗವನ್ನೇ ಇಟ್ಟಿದ್ದು ಪಿಟೀಲು ಕಲಿಯುವ ಮಕ್ಕಳಿಗೂ ಎಷ್ಟು ಅನುಕೂಲ ನೋಡಿ.

ಕೊರತೆ ಇದ್ದದ್ದು ಕೈ ವಿಷಯದಲ್ಲಿ. ಫೋನಿನಲ್ಲಿ ದನಿ ತಡವಾಗಿ ತಲುಪುತ್ತದೆ, ಹಾಗಾಗಿ ಗುರು ಶಿಷ್ಯೆ ಒಟ್ಟಿಗೆ ನುಡಿಸೋಕೆ ಆಗಲ್ಲ. ಇನ್ನೊಂದು, ವಿಡಿಯೊ ಆ್ಯಪ್‌ಗಳು ಹಿನ್ನೆಲೆ ಗದ್ದಲ ತೆಗೆಯುವಾಗ ಪಿಟೀಲಿನ ಉದ್ದ ಸ್ವರವನ್ನೂ ಗದ್ದಲ ಅಂದುಕೊಂಡು ಕತ್ತರಿಸುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿದ ಮೇಲೆ ಎಷ್ಟೋ ಸರಿಯಾಯಿತು. 'ಕಮಾನು ಸೊಟ್ಟ ಆಗ್ತಿದೆ' ಅಂತ ಅವರು ಹೇಳುತ್ತಿದ್ದರು. ಎಷ್ಟು ತಿರುಗಿಸಬೇಕು ಅಂತ ಮಗುವಿಗೆ ಗೊತ್ತಾಗಬೇಕಲ್ಲ? ನಾನೇ ಪಕ್ಕದಲ್ಲಿ ಕೂತು ಅವರ ಪರವಾಗಿ ಮೊಣಕೈ ಹಿಡಿಯಬೇಕಿತ್ತು. ಫೀಸು ಗುಂಪು ಪಾಠಕ್ಕಿಂತ ತುಂಬಾ ಜಾಸ್ತಿ.

ಪಿ.ಜೆ. ಬಡಾವಣೆ ಕಡೆಯ ಮೇಷ್ಟ್ರು ಸಿಕ್ಕಿದ್ದು ಮೃದಂಗದವರೊಬ್ಬರಿಂದ. ಹುಡುಕುವವರಿಗೆ ಇದೇ ಒಳ್ಳೆಯ ದಾರಿ ಅಂತ ನನಗೆ ಅನ್ನಿಸಿದೆ. ಭರತನಾಟ್ಯ ರಂಗಪ್ರವೇಶ, ರಾಮನವಮಿ ಕಛೇರಿ, ತ್ಯಾಗರಾಜರ ಆರಾಧನೆ ಇದ್ದಲ್ಲಿ ಹೋಗಿ ಪಿಟೀಲು ಯಾರು ನುಡಿಸುತ್ತಿದ್ದಾರೆ ನೋಡಿ. ಹಾಡುಗಾರಿಕೆ ಕಲಿಸುವವರನ್ನು, ಮೃದಂಗದವರನ್ನು ಕೇಳಿ. ಬೋರ್ಡು ಹಾಕದೆ ಮನೆಯಲ್ಲೇ ಕಲಿಸುವವರು ಅವರಿಗೆ ಗೊತ್ತಿರುತ್ತಾರೆ.

ಈ ಮೇಷ್ಟ್ರು ಮೊದಲ ದಿನ ಪಿಟೀಲನ್ನೇ ಮುಟ್ಟಿಸಲಿಲ್ಲ. ಪೆನ್ಸಿಲ್ ಕೊಟ್ಟು ಕಮಾನು ಹಿಡಿಯೋದು ಕಲಿಸಿದರು. ಹೆಬ್ಬೆರಳು ಬಾಗಿರಬೇಕು, ಕಿರುಬೆರಳು ಮೆತ್ತಗೆ ಮೇಲೆ ಕೂರಬೇಕು. ಆಮೇಲೆ ಕೆಲವು ವಾರ ಬರೀ ಖಾಲಿ ತಂತಿ, ಅಂದರೆ ಎಡಗೈ ಬೆರಳು ಇಡದೆ ನುಡಿಸೋದು. ತಂಬೂರಿಯ ಜೊತೆ ಸ, ಪ, ಉದ್ದುದ್ದ ಕಮಾನು. 'ಹೆಗಲು ಇಳಿಸು ಪುಟ್ಟಿ, ಕೈ ತಾನಾಗೇ ಬರುತ್ತೆ' ಅಂತ ಹಿಂದೆ ಕೂತು ಅವಳ ಮೊಣಕೈಗೆ ತಮ್ಮ ಅಂಗೈ ಕೊಡುತ್ತಿದ್ದರು. ಆನ್‌ಲೈನ್‌ನಲ್ಲಿ ತಿಂಗಳುಗಟ್ಟಲೆ ಹೇಳಿಸಿಕೊಂಡದ್ದು ಅಲ್ಲಿ ಬೇಗ ಸರಿಯಾಯಿತು. ಈ ಮೇಷ್ಟ್ರ ಪಾಠದಲ್ಲಿ ರೆಕಾರ್ಡಿಂಗ್ ಕೇಳಿಸೋದು ಕಡಿಮೆ, ರಾಗದ ಬಗ್ಗೆ ಮಾತೂ ಕಡಿಮೆ. ಹಬ್ಬ, ಮದುವೆ ಕಾಲದಲ್ಲಿ ಪಾಠ ತಪ್ಪುತ್ತದೆ. ಆದರೂ ದನಿ ಬದಲಾದದ್ದು ಅಲ್ಲೇ.

ಶೈಲಿ ಬಗ್ಗೆ ಒಂದು ಮಾತು. ನಮ್ಮೂರಿಗೆ ಧಾರವಾಡ, ಗದಗದ ಕಡೆಯ ಹಿಂದೂಸ್ತಾನಿ ಗಾಳಿಯೂ ಇದೆ. ಪಾಶ್ಚಾತ್ಯ ಶೈಲಿ ಕಲಿಸುವವರು ಆನ್‌ಲೈನ್‌ನಲ್ಲಿ ಬೇಕಾದಷ್ಟು. ಪಾಶ್ಚಾತ್ಯದಲ್ಲಿ ಗಲ್ಲದ ಕೆಳಗೆ ಇಟ್ಟು, ನಿಂತು ಇಲ್ಲವೇ ಕುರ್ಚಿ ಮೇಲೆ ಕೂತು ನುಡಿಸುತ್ತಾರೆ. ಕರ್ನಾಟಕ ಶೈಲಿಯಲ್ಲಿ ನೆಲದ ಮೇಲೆ ಕೂತು, ಸುರುಳಿ ತುದಿಯನ್ನು ಬಲಗಾಲಿನ ಮೇಲೆ ಊರುತ್ತಾರೆ. ಪಿಟೀಲಿನ ಭಾರ ಎಡಗೈ ಮೇಲೆ ಬೀಳದ ಕಾರಣ ಗಮಕಕ್ಕೆ (ಸ್ವರವನ್ನು ಜಾರಿಸಿ, ತೂಗಿಸಿ ನುಡಿಸೋದಕ್ಕೆ) ಕೈ ಸಲೀಸಾಗಿ ಜಾರುತ್ತದೆ. ಶ್ರುತಿ ಮಾಡುವ ಕ್ರಮವೂ ಬೇರೆ. ಮಧ್ಯದಲ್ಲಿ ಬದಲಿಸಿದರೆ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮನೆಯಲ್ಲಿ ಯಾವ ಸಂಗೀತ ಕೇಳುತ್ತೀರೋ ಅದನ್ನೇ ಆರಿಸಿ.

ಈಗ ವಾರದ ಪಾಠ ಮೇಷ್ಟ್ರ ಹತ್ತಿರ, ಕೇಳುವ ಪಾಠ ಮಾತ್ರ ಆಗಾಗ ಬೆಂಗಳೂರಿನ ಮೇಡಂ ಹತ್ತಿರ. ಇಬ್ಬರಿಗೂ ವಿಷಯ ಹೇಳಿಯೇ ಮಾಡಿದ್ದೇವೆ, ಇಬ್ಬರೂ ಒಪ್ಪಿದ್ದಾರೆ. ಗುಂಪು ಪಾಠಕ್ಕೆ ಮತ್ತೆ ಕಳಿಸುವುದಾದರೆ ಅವಳಿಗೆ ಕಮಾನು ನೇರವಾದ ಮೇಲೆ, ಜೊತೆಗೂಡಿ ನುಡಿಸೋದಕ್ಕೆ.

ಗುರು ಗೊತ್ತು ಮಾಡುವ ಮುಂಚೆ ಎರಡು ವರ್ಷ ಕಲಿತ ಶಿಷ್ಯರೊಬ್ಬರು ನುಡಿಸೋದನ್ನು ನೋಡಿ. ಹಾಡು ಯಾವುದಾದರೂ ಇರಲಿ, ಬಲಗೈ ನೋಡಿ. ಪಾಠದ ಹೊತ್ತಿಗೆ ನೀವು ಪಕ್ಕದಲ್ಲಿ ಕೂರಬಹುದಾ ಅಂತಲೂ ಕೇಳಿ. ಮೂರು ತಿಂಗಳಲ್ಲಿ ಸಿನಿಮಾ ಹಾಡು ನುಡಿಸುತ್ತಾಳೆ ಅಂದವರ ಹತ್ತಿರ ನಾನಂತೂ ಕಳಿಸಲ್ಲ.

ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿದ್ದು ಹತ್ತಿರ ಯಾರೂ ಸಿಗದಿದ್ದರೆ ಆನ್‌ಲೈನೇ ಸರಿ. ಆದರೆ ಶುರುವಿನಲ್ಲಿ ಕೆಲವು ಪಾಠ ಎದುರಿಗೇ ಆಗಲಿ, ಅದಕ್ಕಾಗಿ ಬಸ್ಸು ಹತ್ತಿ ಬನ್ನಿ. ಆಮೇಲೆ ಫೋನನ್ನು ಮಗುವಿನ ಮುಂದೆ, ಸ್ವಲ್ಪ ಬಲಕ್ಕೆ, ಕಮಾನಿನ ಎತ್ತರಕ್ಕೆ ಇಡಿ. ಕುದುರೆ ಮತ್ತು ಬಲ ಮಣಿಕಟ್ಟು ಎರಡೂ ಗುರುಗಳಿಗೆ ಒಟ್ಟಿಗೆ ಕಾಣಬೇಕು.