40 ಕಿಲೋಹರ್ಟ್ಸ್ ಸದ್ದು: ಯಾವ ಡ್ರೈವರ್ ಜೋರು?

ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂರು ಭಾನುವಾರದಿಂದ ಊಟದ ಮೇಜು ನನ್ನದೇ. ಮುಂಬೈನ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿನಿಂದ ತಂದ 16 ಮಿಲಿಮೀಟರಿನ ಹತ್ತು ಟ್ರಾನ್ಸ್‌ಡ್ಯೂಸರ್ (ವಿದ್ಯುತ್ತನ್ನು ಸದ್ದು ಮಾಡುವ ಪುಟ್ಟ ಡಬ್ಬಿ), ಒಂದು ಆರ್ಡುಯಿನೊ ಊನೊ (ಪ್ರೋಗ್ರಾಂ ಬರೆದು ಓಡಿಸುವ ಚಿಕ್ಕ ಬೋರ್ಡು), ಟ್ರಾನ್ಸ್‌ಡ್ಯೂಸರಿಗೆ ವಿದ್ಯುತ್ ಅಲೆ ಕೊಡುವ ಮೂರು ರೀತಿಯ ಡ್ರೈವರ್. ಥರ್ಮೊಕೋಲ್ ಕಾಳನ್ನು ಗಾಳಿಯಲ್ಲಿ ನಿಲ್ಲಿಸುವಷ್ಟು ಜೋರು ಸದ್ದು ಬೇಕಿತ್ತು.

ಸೆಕೆಂಡಿಗೆ 40,000 ಸಲ ಕಂಪಿಸುವ, ಕಿವಿಗೆ ಕೇಳದ ಈ ಸದ್ದನ್ನು ಅಳೆಯುವುದೇ ದೊಡ್ಡ ಕಷ್ಟ. ಮೊಬೈಲಿನ ಡೆಸಿಬೆಲ್ ಆ್ಯಪ್ ಸುಮ್ಮನಿತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ತೆಗೆಯುವ ಫೋನಿಗೆ ಅದರ ಅರ್ಧ, ಅಂದರೆ 24 ಕಿಲೋಹರ್ಟ್ಸ್ ಮೇಲಿನದು ಸಿಗುವುದೇ ಇಲ್ಲ. ಊನೊ ಮಾಮೂಲಿಯಾಗಿ ಓದುವುದು ಸೆಕೆಂಡಿಗೆ ಸುಮಾರು 9,600 ಸಲ ಮಾತ್ರ. ಹಾಗಾಗಿ ಸದ್ದು ಹಿಡಿಯುವ ರಿಸೀವರಿಗೆ ಸಿಗ್ನಲ್ ಹಿಗ್ಗಿಸುವ ಒಂದು ಆಂಪ್, ಅದರ ಹಿಂದೆ ಡಯೋಡ್ ಮತ್ತು ಕೆಪಾಸಿಟರ್ ಹಾಕಿದೆ. ಅಲೆಯ ತುದಿ ಏರಿಳಿಯದ ಡಿಸಿ ವೋಲ್ಟೇಜ್ ಆಗಿ ನಿಲ್ಲುತ್ತದೆ, ಸಾಧಾರಣ ಮಲ್ಟಿಮೀಟರ್ ಸಾಕು. ನಿಜವಾದ ಡೆಸಿಬೆಲ್ ಗೊತ್ತಾಗುವುದಿಲ್ಲ, ಯಾವುದು ಜಾಸ್ತಿ ಅನ್ನುವುದು ಗೊತ್ತಾಗುತ್ತದೆ.

ಮೊದಲ ಭಾನುವಾರ ಪೂರ್ತಿ ವ್ಯರ್ಥವಾಯಿತು. ಎಲ್‌ಎಂ358 ಆಂಪ್ ಹಾಕಿದ್ದೆ. ಇಷ್ಟು ವೇಗದ ದೊಡ್ಡ ಅಲೆಯನ್ನು ಅದು ಹಿಂಬಾಲಿಸಲಾರದು. ಯಾವ ಡ್ರೈವರ್ ಹಾಕಿದರೂ ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಟಿಎಲ್072ಕ್ಕೆ ಬದಲಿಸಿದ ಮೇಲೆ ವ್ಯತ್ಯಾಸ ಕಂಡಿತು. ಇನ್ನೊಂದು ವಿಷಯ: ಈ ಸದ್ದಿನ ಅಲೆ ಉದ್ದ ಬರೀ 8.6 ಮಿಲಿಮೀಟರ್. ಎದುರಿನಿಂದ ಮರಳುವ ಅಲೆ ಸೇರಿಕೊಂಡು, ರಿಸೀವರ್ ಎರಡು ಮಿಲಿಮೀಟರ್ ಸರಿದರೂ ಸಂಖ್ಯೆ ಏರಿಳಿಯುತ್ತದೆ. ಟ್ರಾನ್ಸ್‌ಡ್ಯೂಸರ್, ರಿಸೀವರ್ ಎರಡನ್ನೂ ಹಲಗೆಗೆ ಸ್ಕ್ರೂ ಮಾಡಿ, ಹಿಂದೆ ಕಂಬಳಿ ನೇತುಹಾಕಿದೆ.

ಈಗ ಡ್ರೈವರ್. ಒಂದೇ ಪಿನ್‌ನಿಂದ 5 ವೋಲ್ಟ್ ಕೊಡುವುದು ಪರೀಕ್ಷೆಗಷ್ಟೇ ಆದೀತು. ಊನೊ ಒಳಗಿನ ಟೈಮರ್1 ಬಳಸಿ 9 ಮತ್ತು 10ನೇ ಪಿನ್‌ಗಳನ್ನು ಒಂದಕ್ಕೊಂದು ಉಲ್ಟಾ ಓಡಿಸಿದರೆ ಅಲೆ 10 ವೋಲ್ಟಿನಷ್ಟು ಏರಿಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ 6 ಡೆಸಿಬೆಲ್ ಸಿಕ್ಕಿತು ಅಲ್ವಾ! ಮೋಟಾರು ಓಡಿಸಲು ಬಳಸುವ ಎಲ್‌298ಎನ್ ಬೋರ್ಡು 12 ವೋಲ್ಟಿನಲ್ಲಿ ಇನ್ನೂ ಜೋರು, ಆದರೆ ಒಂದೆರಡು ವೋಲ್ಟ್ ತಾನೇ ನುಂಗುತ್ತದೆ. ಟಿಸಿ4427 ಚಿಪ್ ಹಾಗೆ ನುಂಗುವುದಿಲ್ಲ. 12 ವೋಲ್ಟಿಗೆ ಹತ್ತಿರ ಹತ್ತಿರ 24 ವೋಲ್ಟ್ ಏರಿಳಿತ ಕೊಡುತ್ತದೆ.

ಹಾಗಂತ ಟಿಸಿ4427 ಯಾವಾಗಲೂ ಗೆಲ್ಲಲಿಲ್ಲ. ಟೈಮರಿನ ಎಣಿಕೆ ಒಂದೊಂದು ಬದಲಿಸಿದಂತೆ ಸದ್ದು ಸುಮಾರು 100 ಹರ್ಟ್ಸ್ ಸರಿಯುತ್ತದೆ. ಹಾಗೆ ಹುಡುಕಿದಾಗ ನನ್ನ ಒಂದು ಟ್ರಾನ್ಸ್‌ಡ್ಯೂಸರ್ ಅತಿ ಜೋರಾಗಿದ್ದದ್ದು 39.3 ಕಿಲೋಹರ್ಟ್ಸ್‌ನಲ್ಲಿ. ಅದನ್ನು 40ರಲ್ಲೇ ಬಿಟ್ಟು ಟಿಸಿ4427ರಿಂದ ಓಡಿಸಿದ್ದಕ್ಕಿಂತ, 39.3ಕ್ಕೆ ಹೊಂದಿಸಿ ಎಲ್‌298ಎನ್‌ನಿಂದ ಓಡಿಸಿದಾಗಲೇ ಮೀಟರ್ ಜಾಸ್ತಿ ತೋರಿಸಿತು. ಒಳ್ಳೆಯ ಚಿಪ್‌ಗೆ ದುಡ್ಡು ಹಾಕುವ ಮೊದಲು ಈ ಹುಡುಕಾಟ ಮಾಡಿ ಅಂತ ಬೇಡಿಕೊಳ್ಳುತ್ತೇನೆ.

ಕಿವಿಯ ಹತ್ತಿರ ಮಾತ್ರ ಹಿಡಿಯಬೇಡಿ. ಕೇಳದಿದ್ದರೂ 30 ಸೆಂಟಿಮೀಟರಿನಲ್ಲಿ 120 ಡೆಸಿಬೆಲ್ ಮುಟ್ಟಬಲ್ಲ ಸಾಮಾನಿದು. ಬೆಕ್ಕಿಗೆ ಈ ಸದ್ದು ಕೇಳುತ್ತದೆ. ಪಕ್ಕದ ಮನೆಯ ಬೆಕ್ಕು ಬಂದಾಗೆಲ್ಲ ನಾನು ಸ್ವಿಚ್ ಆರಿಸುತ್ತೇನೆ.

ಹತ್ತು ಟ್ರಾನ್ಸ್‌ಡ್ಯೂಸರಿನಲ್ಲಿ ಒಂದೇ ಕಿಲೋಹರ್ಟ್ಸ್‌ನಲ್ಲಿ ಅತಿ ಜೋರಾಗುವ ಎರಡನ್ನು ಆರಿಸಿ, ಟಿಸಿ4427 ಹಾಕಿ ಎದುರುಬದುರು ಕೂರಿಸಿದೆ. ಫ್ಯಾನ್ ನಿಲ್ಲಿಸಿದ ಮೇಲೆ ಮಗಳು ಚಿಮಟದಿಂದ ಕಾಳು ಬಿಟ್ಟಳು. ಮೂರನೇ ಸಲಕ್ಕೆ ನಿಂತಿತು.